ನಾಳೆಯ ಏಟಿಗೆ ತಡೆ

ಗಂಡನ ವಿರುದ್ಧ ಕೋರ್ಟಿಗೆ ಹೋದರೆ ಸಂಸಾರ ಒಡೆಯುತ್ತದೆಂದು ತವರಿನವರೇ ಮಗಳನ್ನು ತಡೆಯುತ್ತಾರೆ. ಅವರ ಕಣ್ಣ ಮುಂದೆ ಬರುವುದು ಲಾಕಪ್ಪು, ಜಾಮೀನು, ವರ್ಷಗಟ್ಟಲೆ ವಾಯಿದೆ. ಆದರೆ ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸಲು 2005ರಲ್ಲಿ ಬಂದ ಕಾಯ್ದೆಯ ಮೊದಲ ಕೆಲಸ ನಾಳೆ ಬೀಳಲಿರುವ ಏಟನ್ನು ತಡೆಯುವುದು. ರಕ್ಷಣಾ ಆದೇಶದಲ್ಲಿ ಮ್ಯಾಜಿಸ್ಟ್ರೇಟರು ಹೊಡೆಯಬೇಡ ಎಂದಷ್ಟೇ ಬರೆದು ನಿಲ್ಲಿಸಬೇಕಿಲ್ಲ. ಅವಳು ದುಡಿಯುವ ಜಾಗಕ್ಕೆ ಹೋಗಕೂಡದು, ಫೋನು ಮಾಡಕೂಡದು, ಸ್ತ್ರೀಧನ ಮಾರಕೂಡದು, ಅವಳಿಗೆ ಆಸರೆ ಕೊಟ್ಟ ಅಕ್ಕನ ತಂಟೆಗೆ ಹೋಗಕೂಡದು ಎಂದೂ ಬರೆಯಬಹುದು. ಇದನ್ನು ಮೀರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೆ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೀರಿದನೆಂದು ತೀರ್ಮಾನಿಸಲು ಅವಳೊಬ್ಬಳ ಸಾಕ್ಷ್ಯವೇ ಸಾಕಾಗಬಹುದು. ಬಾಗಿಲು ಹಾಕಿದ ಮನೆಯೊಳಗೆ ನಡೆದದ್ದಕ್ಕೆ ಬೇರೆ ಸಾಕ್ಷಿ ಎಲ್ಲಿಂದ ಬರಬೇಕು?

ಒಂದು ಕಡೆಯ ಮಾತು ಕೇಳಿಯೇ ಮಧ್ಯಂತರ ಆದೇಶ ಕೊಟ್ಟುಬಿಡಬಹುದು, ಇದು ಅನ್ಯಾಯ ಎನ್ನುವವರಿದ್ದಾರೆ. ಮನೆ ಬಿಟ್ಟು ಹೋಗು ಎನ್ನುವ ಆದೇಶದ ಮಟ್ಟಿಗೆ ಈ ಆತಂಕವನ್ನು ತಳ್ಳಿಹಾಕಲಾರೆ, ಅಲ್ಲಿ ಇಬ್ಬರ ಮಾತೂ ಕೇಳಬೇಕು. ಆದರೆ ಹಿಂಸೆ ಕೊಡಬೇಡ ಎಂಬ ಆದೇಶದಿಂದ ಹಿಂಸೆ ಕೊಡದವನು ಕಳೆದುಕೊಳ್ಳುವುದೇನು? ಆದೇಶ ತಡವಾದರೆ ಅವಳು ಕಳೆದುಕೊಳ್ಳುವುದು ಜೀವವೇ ಇರಬಹುದು.

ನನ್ನ ಸಂಕಟವೆಲ್ಲ ಈ ತಡದ್ದೇ. ಅರ್ಜಿ ಬಂದ ಮೂರು ದಿನದೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ನಡೆಯಬೇಕು, ಅದಾದ 60 ದಿನದಲ್ಲಿ ಇತ್ಯರ್ಥಕ್ಕೆ ಪ್ರಯತ್ನಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ. ನಡೆಯುವುದು ಬೇರೆ. ನೋಟಿಸು ಮುಟ್ಟುವುದರಲ್ಲೇ ವಾರಗಳು ಕಳೆಯುತ್ತವೆ. ನಮ್ಮ ರಾಜ್ಯದಲ್ಲಿ ನೋಟಿಸು ಮುಟ್ಟಿಸಬೇಕಾದ ರಕ್ಷಣಾಧಿಕಾರಿಯ ಹೊಣೆ ಹೊತ್ತಿರುವವರು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು. ತಾಲ್ಲೂಕಿನ ಅಂಗನವಾಡಿಗಳನ್ನೆಲ್ಲ ನೋಡಿಕೊಳ್ಳುವ ಅದೇ ಅಧಿಕಾರಿ ಇವಳ ಅರ್ಜಿ ಬರೆಸಬೇಕು, ಘಟನೆಯ ವರದಿ ಸಿದ್ಧಮಾಡಬೇಕು, ವೈದ್ಯರ ಬಳಿಗೆ ಕಳಿಸಬೇಕು. ಈ ಕೆಲಸಕ್ಕೇ ಒಬ್ಬರನ್ನು ನೇಮಿಸದೆ ಕಾಯ್ದೆ ಸೋತಿತೆಂದು ಹೇಳುವ ಹಕ್ಕು ಸರ್ಕಾರಕ್ಕಿಲ್ಲ.

ಇಷ್ಟಾದರೂ ಸಿಗುವುದು ಒಂದೇ ಸೂರಿನಡಿ ಬಾಳಿದವರ ಹಿಂಸೆಗೆ. ಒಲ್ಲೆ ಎಂದರೂ ಬಿಡದೆ ಹುಡುಗಿಯೊಬ್ಬಳ ಹಿಂದೆ ಬೀಳುವ ಅಪರಿಚಿತನ ವಿರುದ್ಧ ಈ ಕಾಯ್ದೆಯ ಬಾಗಿಲು ತೆರೆಯುವುದಿಲ್ಲ. ಬೆನ್ನಟ್ಟುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿ ಅಪರಾಧವೇನೋ ಹೌದು, ಆದರೆ ಅದು ಆದ ತಪ್ಪಿಗೆ ಶಿಕ್ಷೆ. ಸಿವಿಲ್ ಕೋರ್ಟಿನ ತಡೆಯಾಜ್ಞೆಗೆ ವಕೀಲರ ಫೀಸು, ತಿಂಗಳುಗಳ ಓಡಾಟ. ಠಾಣೆಯವರು ಮುಚ್ಚಳಿಕೆ ಬರೆಸಿಕೊಂಡು ಅವನನ್ನು ಕಳಿಸುತ್ತಾರೆ. ಮರುದಿನ ಅವಳು ಕಾಲೇಜಿಗೆ ಹೋಗಬೇಕಾದದ್ದು ಅದೇ ಬಸ್‌ಸ್ಟಾಪಿನಿಂದ. ಮೂರು ದಿನದಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲುವ ದಾರಿ ಅವಳಿಗೂ ಬೇಕು.