ಮೇಯುವವರಿಲ್ಲದ ಕಡಲು

ಸೀ ಅರ್ಚಿನ್ ಎಂದು ಕರೆಯಲಾಗುವ ಕಡಲ ಮುಳ್ಳುಹಂದಿ ಹಂದಿಯೂ ಅಲ್ಲ, ಮೀನೂ ಅಲ್ಲ. ನಕ್ಷತ್ರಮೀನಿನ ಬಳಗಕ್ಕೆ ಸೇರಿದ ಈ ಜೀವಿಗೆ ಮಿದುಳಿಲ್ಲ, ಬೆನ್ನೆಲುಬಿಲ್ಲ. ಸುಣ್ಣದಿಂದಾದ ದುಂಡು ಚಿಪ್ಪು, ಅದರ ಸುತ್ತ ಮುಳ್ಳು, ಮುಳ್ಳುಗಳ ನಡುವೆ ನೀರಿನ ಒತ್ತಡದಿಂದ ಚಲಿಸುವ ಕೊಳವೆಯಂಥ ಕಾಲುಗಳು, ಅಡಿಯಲ್ಲಿ ಐದು ಹಲ್ಲುಗಳ ಬಾಯಿ. ಕೆರಿಬಿಯನ್ ಸಮುದ್ರದ ಬಂಡೆಗಳಲ್ಲೂ ಹವಳದಿಬ್ಬಗಳಲ್ಲೂ ವಾಸಿಸುವ, ಉದ್ದನೆಯ ಕಪ್ಪುಮುಳ್ಳಿನ ಡಯಾಡೆಮಾ ಆಂಟಿಲ್ಲಾರಮ್ ಎಂಬ ಪ್ರಭೇದವು ಹಗಲು ಬಿರುಕುಗಳಲ್ಲಿ ಅಡಗಿದ್ದು, ರಾತ್ರಿ ಹೊರಬಂದು ಬಂಡೆಯ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತದೆ. ಹಾಗೆ ತೆರವಾದ ಜಾಗದಲ್ಲಿ ಹವಳದ ಎಳೆಮರಿಗಳು ನೆಲೆಯೂರುತ್ತವೆ.

1983ರ ಜನವರಿಯಲ್ಲಿ, ಪನಾಮಾ ಕಾಲುವೆ ಕೆರಿಬಿಯನ್ ಸಮುದ್ರವನ್ನು ಸೇರುವಲ್ಲಿ, ಇವು ಮುಳ್ಳುದುರಿಸಿಕೊಂಡು ಸಾಯತೊಡಗಿದವು. ಕಡಲಿನ ಪ್ರವಾಹಗಳೊಡನೆ ಸಾಗಿದ ಪಿಡುಗು ಮರುವರ್ಷದ ಆರಂಭದ ಹೊತ್ತಿಗೆ ಇಡೀ ಸಮುದ್ರವನ್ನು ವ್ಯಾಪಿಸಿತು. ಬಹುತೇಕ ಕಡೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸತ್ತವು. ದನ ಮೇಯುವುದು ನಿಂತ ಬ್ಯಾಣ ಪೊದೆಯಾಗುವುದನ್ನು ಕಂಡವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಜಮೈಕಾದ ಹವಳದಿಬ್ಬಗಳಲ್ಲಿ 1977ರಲ್ಲಿ ಶೇ. 52ರಷ್ಟಿದ್ದ ಜೀವಂತ ಹವಳ 1990ರ ದಶಕದ ಆರಂಭಕ್ಕೆ ಶೇ. 3ಕ್ಕೆ ಇಳಿಯಿತು. ಶೇ. 4ರಷ್ಟಿದ್ದ ಪಾಚಿ ಶೇ. 92ರಷ್ಟು ಜಾಗವನ್ನು ಆವರಿಸಿತು.

ಇದನ್ನು ರೋಗದ ಕತೆಯೆಂದಷ್ಟೇ ಹೇಳಿ ಮುಗಿಸುವುದು ಸುಲಭ. 1980ರ ಅಲೆನ್ ಚಂಡಮಾರುತ ಹವಳವನ್ನು ಮುರಿದಿತ್ತೆಂಬುದೂ ನಿಜ. ಆದರೆ ಅದಕ್ಕೂ ಮೊದಲೇ, ದಶಕಗಳ ಕಾಲದ ಮಿತಿಮೀರಿದ ಮೀನುಗಾರಿಕೆ ಪಾಚಿ ಮೇಯುವ ಗಿಳಿಮೀನುಗಳನ್ನು ಬರಿದು ಮಾಡಿತ್ತು. ಮುಳ್ಳುಹಂದಿಯನ್ನು ತಿನ್ನುವ ಮೀನುಗಳೂ ಕಡಿಮೆಯಾದ್ದರಿಂದ ಅದರ ಸಂಖ್ಯೆ ಬೆಳೆದು, ಹಲವು ಜೀವಿಗಳ ಕೆಲಸ ಒಂದರ ಪಾಲಿಗೆ ಬಂದಿತ್ತು. ಮೇಲ್ನೋಟಕ್ಕೆ ಹವಳದಿಬ್ಬ ಆರೋಗ್ಯವಾಗಿಯೇ ಇತ್ತು. ಏಕಬೆಳೆಯ ತೋಟವೂ ಒಂದು ರೋಗ ಬರುವವರೆಗೆ ಸೊಂಪಾಗಿಯೇ ಕಾಣುತ್ತದಲ್ಲವೇ?

ಸತ್ತ ಸಂತತಿ ಬೇಗ ಮರಳದಿರುವುದಕ್ಕೆ ಅದರ ಸಂತಾನಕ್ರಮವೂ ಕಾರಣ. ಗಂಡು ಹೆಣ್ಣುಗಳು ವೀರ್ಯಾಣು, ಅಂಡಾಣುಗಳನ್ನು ನೀರಿಗೇ ಬಿಡುತ್ತವೆ. ಒತ್ತೊತ್ತಾಗಿ ಬದುಕಿದರಷ್ಟೇ ಅವು ಕೂಡುತ್ತವೆ. ಅಲ್ಲೊಂದು ಇಲ್ಲೊಂದು ಉಳಿದವು ಲಕ್ಷಗಟ್ಟಲೆ ಅಂಡಾಣು ಬಿಟ್ಟರೂ ಬಹುಪಾಲು ವ್ಯರ್ಥ. ಹಾಗಿದ್ದೂ 2001ರ ಹೊತ್ತಿಗೆ ಜಮೈಕಾದ ಉತ್ತರ ತೀರದ ಕೆಲವೆಡೆ ಅವು ಗುಂಪುಗೂಡಿದ್ದವು. ಗುಂಪು ಕೂಡಿದಲ್ಲೆಲ್ಲ ಪಾಚಿ ಕರಗಿ, ಹವಳದ ಮರಿಗಳು ಹೆಚ್ಚಿದ್ದವು.

2022ರ ಜನವರಿಯಲ್ಲಿ ಅಮೆರಿಕದ ವರ್ಜಿನ್ ದ್ವೀಪಗಳಲ್ಲಿ ಸಾವು ಮತ್ತೆ ಆರಂಭವಾಯಿತು. ಈ ಬಾರಿ ಕಾರಣ ಏಕಕೋಶದ ಪರೋಪಜೀವಿಯೆಂದು 2023ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಅದೇ ವರ್ಷ ಕೆಂಪು ಸಮುದ್ರದಲ್ಲೂ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲೂ ಇದರ ಹತ್ತಿರದ ಪ್ರಭೇದಗಳು ಸತ್ತವು. ತೆರೆದ ಕಡಲಿಗೆ ಮದ್ದು ಹೊಡೆಯಲಾಗದು. ಪ್ರಯೋಗಾಲಯದಲ್ಲಿ ಬೆಳೆಸಿದ ಮರಿಗಳನ್ನು ಫ್ಲೋರಿಡಾದ ಕಡಲಿಗೆ ಬಿಡಲಾಗಿದೆ; ಯತ್ನ ಒಳ್ಳೆಯದೇ, ಆದರೆ ಅದೂ ಒಂದೇ ಜೀವಿಯನ್ನು ನಂಬಿದ್ದು. ಬೆಲೀಜ್ ದೇಶ ಹೆಚ್ಚು ವಿವೇಕದ ದಾರಿ ಹಿಡಿಯಿತು: 2009ರಲ್ಲೇ ಗಿಳಿಮೀನು ಹಿಡಿಯುವುದನ್ನು ಅಲ್ಲಿ ನಿಷೇಧಿಸಲಾಯಿತು.