ಠಾಣೆಯ ಕತ್ತಲ ರಸ್ತೆಗಳಲ್ಲಿ ಹಾವಿನ ಹುಡುಕಾಟ: ಹವ್ಯಾಸ ಎಲ್ಲಿಯವರೆಗೆ, ಅಪರಾಧ ಎಲ್ಲಿಂದ?

ಮುಂಗಾರು ಶುರುವಾದರೆ ಸಾಕು, ಮುಂಬೈ ಸುತ್ತಮುತ್ತಲಿನ ಯುವಕರಲ್ಲಿ ಒಂದು ಹವ್ಯಾಸಕ್ಕೆ ರೆಕ್ಕೆ ಬರುತ್ತದೆ. ರಾತ್ರಿ ಊಟ ಮುಗಿಸಿ, ಟಾರ್ಚ್ ಮತ್ತು ಕ್ಯಾಮೆರಾ ಹಿಡಿದು, ವಾಹನ ಸಂಚಾರ ಕಡಿಮೆಯಿರುವ ರಸ್ತೆಗಳಲ್ಲಿ ಹಾವು, ಕಪ್ಪೆ ಹುಡುಕುವುದು. ಇದಕ್ಕೆ ಹರ್ಪಿಂಗ್ ಎಂಬ ಹೆಸರಿದೆ. ಠಾಣೆಯ ಯೇವೂರ್ ಬೆಟ್ಟ, ಕಲ್ಯಾಣ ಬಳಿಯ ಹಾಜಿ ಮಲಂಗ್ ತಪ್ಪಲು, ಬದ್ಲಾಪುರದಿಂದ ಬಾರ್ವಿ ಅಣೆಕಟ್ಟಿಗೆ ಹೋಗುವ ದಾರಿ, ನವಿ ಮುಂಬೈನ ಖಾರ್ಘರ್ ಗುಡ್ಡ ಎಲ್ಲವೂ ನಗರದ ಬೆನ್ನಿಗೇ ಅಂಟಿಕೊಂಡಿವೆ. ಡೊಂಬಿವಲಿಯ ಫ್ಲ್ಯಾಟ್‌ನಿಂದ ಹೊರಟವರು ಸ್ವಲ್ಪ ಹೊತ್ತಿನಲ್ಲೇ ಕಾಡಿನ ಅಂಚು ತಲುಪಬಹುದು.

ನೋಡುವುದು ತಪ್ಪಲ್ಲ. ಆದರೆ ನೋಡುವುದಕ್ಕೂ ಹಿಡಿಯುವುದಕ್ಕೂ ನಡುವಿನ ಗೆರೆ ಎಷ್ಟು ತೆಳುವಾಗಿದೆ ಎಂಬುದು ಅನೇಕರಿಗೆ ಗೊತ್ತಿಲ್ಲ.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ 'ಬೇಟೆ' ಎಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಬಲೆಗೆ ಬೀಳಿಸುವುದು, ಅಟ್ಟಿಸಿಕೊಂಡು ಹೋಗುವುದು ಕೂಡ ಅದರಲ್ಲೇ ಸೇರುತ್ತದೆ. ಹೆಬ್ಬಾವು ಮೊದಲ ಪರಿಚ್ಛೇದದ ಪ್ರಾಣಿ. 2022ರ ತಿದ್ದುಪಡಿಯ ನಂತರ ಇಂಥ ಪ್ರಾಣಿಗಳ ಬೇಟೆಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು ಮತ್ತು ಕನಿಷ್ಠ 25 ಸಾವಿರ ರೂಪಾಯಿ ದಂಡವಿದೆ. ಒಂದು ಫೋಟೊಗಾಗಿ ಹೆಬ್ಬಾವನ್ನು ಕೋಲಿನಲ್ಲಿ ಎತ್ತಿ ಹಿಡಿದವರು ಈ ಲೆಕ್ಕಕ್ಕೆ ಸಿಲುಕಬಹುದು.

ಇನ್ನೊಂದು ಅಂಶ ಜಾಗದ್ದು. ಯೇವೂರ್ ಕಾಡು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಪೂರ್ವ ಅಂಚು. ಉದ್ಯಾನದ ಒಳಗೆ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗಲು ಅಡ್ಡಿಯಿಲ್ಲ, ಆದರೆ ಅನುಮತಿ ಇಲ್ಲದೆ ಕಾಡಿಗೆ ಇಳಿಯುವಂತಿಲ್ಲ. ಪ್ರಾಣಿಗಳನ್ನು ಕೆಣಕುವುದೂ ನಿಷಿದ್ಧ. ಮೇಲಾಗಿ ಇದು ಚಿರತೆಗಳ ಸೀಮೆ.

ರಸ್ತೆಯೇ ಕಂಟಕ

ಹಗಲು ಕಾದ ಡಾಂಬರು ರಾತ್ರಿಯೂ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಮಳೆಗೆ ಕಪ್ಪೆಗಳು ರಸ್ತೆಗೆ ಬರುತ್ತವೆ, ಅವುಗಳ ಹಿಂದೆ ಹಾವುಗಳು. ಹುಡುಕುವವರಿಗೆ ಇದೇ ಅನುಕೂಲ, ಹಾವಿಗೆ ಇದೇ ಸಾವು. ಹಾವು ನೋಡಲೆಂದೇ ಹೊರಟ ಕಾರಿನ ಚಕ್ರಕ್ಕೂ ಅದು ಸಿಗಬಹುದು.

ರಾತ್ರಿ ರಸ್ತೆ ಮತ್ತು ವನ್ಯಜೀವಿಯ ಈ ಸಂಘರ್ಷ ಕನ್ನಡಿಗರಿಗೆ ಹೊಸದಲ್ಲ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ಠಾಣೆ, ಕಲ್ಯಾಣದಂತಹ ಕಡೆ ಹೀಗೆ ರಸ್ತೆ ಮುಚ್ಚಲಾಗದು. ವೇಗ ತಗ್ಗಿಸಬಹುದು.

ನಿಜವಾದ ಅಪಾಯ ಯಾರಿಗೆ?

ಇದೇ ದಾರಿಗಳಲ್ಲಿ ಆದಿವಾಸಿ ಪಾಡಾಗಳ ಜನ ಹವ್ಯಾಸಕ್ಕಲ್ಲ, ಬದುಕಿಗಾಗಿ ರಾತ್ರಿ ನಡೆಯುತ್ತಾರೆ. ಎಷ್ಟೋ ಸಲ ಕೈಯಲ್ಲಿ ಬೆಳಕಿರುವುದಿಲ್ಲ, ಕಾಲಲ್ಲಿ ಶೂ ಇರುವುದಿಲ್ಲ. ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58 ಸಾವಿರ ಮಂದಿ ಹಾವು ಕಡಿತಕ್ಕೆ ಬಲಿಯಾಗಿದ್ದಾರೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತ್ತು. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಗರು. ಕಟ್ಟುಹಾವಂತೂ ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ.

ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ ತಯಾರಾದದ್ದು. ಮಳೆಗಾಲದಲ್ಲಿ ಫೋಟೊಗ್ರಾಫರ್‌ಗಳ ಅಚ್ಚುಮೆಚ್ಚಿನ ಹಸಿರು ಬಣ್ಣದ ಬಿದಿರು ಮಂಡಲ ಆ ಪಟ್ಟಿಯಲ್ಲಿಲ್ಲ. ಹತ್ತಿರ ಹೋಗಿ ಕ್ಲಿಕ್ಕಿಸುವ ಮುನ್ನ ಇದು ನೆನಪಿರಲಿ.

ಹವ್ಯಾಸವನ್ನು ಉಪಯೋಗಕ್ಕೆ ತರಬಹುದೇ?

ಯಾವ ರಸ್ತೆಯಲ್ಲಿ, ಯಾವ ತಿಂಗಳು, ಎಷ್ಟು ಗಂಟೆಗೆ ಯಾವ ಹಾವು ಓಡಾಡುತ್ತದೆ ಎಂಬುದು ರಾತ್ರಿ ಸುತ್ತುವ ಈ ಯುವಕರಿಗೆ ಗೊತ್ತಿರುತ್ತದೆ. ಸತ್ತ ಹಾವಿನ ದಾಖಲೆಗೂ ಬೆಲೆಯಿದೆ. ಅದು ಅರಣ್ಯ ಇಲಾಖೆಗೆ ತಲುಪಿದರೆ ಎಲ್ಲಿ ವೇಗ ತಡೆ ಬೇಕು ಎಂದು ತಿಳಿಯುತ್ತದೆ. ಆರೋಗ್ಯ ಕೇಂದ್ರಕ್ಕೆ ತಲುಪಿದರೆ ಯಾವ ತಿಂಗಳು ಪ್ರತಿವಿಷ ಹೆಚ್ಚು ಇಟ್ಟುಕೊಳ್ಳಬೇಕು ಎಂಬ ಸುಳಿವು ಸಿಗುತ್ತದೆ. ಆದರೆ ಈ ಮಾಹಿತಿ ಬಹುತೇಕ ಇನ್‌ಸ್ಟಾಗ್ರಾಂ ರೀಲ್‌ಗಳಲ್ಲೇ ಕರಗಿಹೋಗುತ್ತಿದೆ. ನಿಖರ ಜಾಗದ ಸಮೇತ ಹಾಕಿದ ಪೋಸ್ಟ್ ಕಳ್ಳಸಾಗಣೆದಾರರಿಗೂ ದಾರಿ ತೋರಿಸುತ್ತದೆ.

ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ಅಂದರೆ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು. ಅದೇ ವರ್ಷ ಕೇಂದ್ರವೂ 2030ರೊಳಗೆ ಸಾವುಗಳನ್ನು ಅರ್ಧಕ್ಕಿಳಿಸುವ ಗುರಿಯ ಕ್ರಿಯಾ ಯೋಜನೆ ಪ್ರಕಟಿಸಿತು. ಎಣಿಕೆಯಿಲ್ಲದೆ ಈ ಗುರಿ ತಲುಪಲಾಗದು. ಕಡಿತದ ಲೆಕ್ಕದ ಜೊತೆ ಹಾವುಗಳ ಲೆಕ್ಕವೂ ಸೇರಿದರೆ ಚಿತ್ರ ಪೂರ್ಣವಾಗುತ್ತದೆ.

ಹಾಗಾಗಿ ಈ ಹವ್ಯಾಸವನ್ನು ನಿಷೇಧಿಸುವ ಮಾತಿಗಿಂತ ಶಿಸ್ತಿನ ಮಾತು ಮುಖ್ಯ. ಮುಟ್ಟಬೇಡಿ, ಗುಂಪುಗೂಡಬೇಡಿ, ನಿಧಾನ ಓಡಿಸಿ, ದಾಖಲಿಸಿ, ಜಾಗದ ಗುಟ್ಟು ಕಾಪಾಡಿ. ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ. ಕಚ್ಚಿದ ಭಾಗ ಅಲುಗಾಡದಂತೆ ನೋಡಿಕೊಂಡು ನೇರ ಆಸ್ಪತ್ರೆಗೆ ಹೋಗಿ. ಹಾವು ಕಂಡ ದಾರಿಯ ಪಕ್ಕದ ಪಾಡಾದಲ್ಲಿ ಒಬ್ಬರಿಗಾದರೂ ಆ ವಿಷಯ ಹೇಳಿ ಬನ್ನಿ. ಬೆಳಗಾಗುವ ಮುನ್ನ ಅದೇ ದಾರಿಯಲ್ಲಿ ನಡೆಯುವವರು ಅವರೇ.