ರಸ್ತೆಗಿಳಿದ ದೋಣಿ

ದೋಣಿಗೂ ರಸ್ತೆಗೂ ಏನು ನಂಟು ಎಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ. ಮಲ್ಪೆ, ಕಾರವಾರದ ಕಡೆ ದೋಣಿ ಕಂಡವರಿಗೆ ಅದು ನೀರಿನಲ್ಲಿ ತೇಲುವ, ಕೆಲಸ ಮುಗಿದ ಮೇಲೆ ಹತ್ತಾರು ಕೈಗಳು ಸೇರಿ ಮರಳಿನ ಮೇಲೆ ಎಳೆದು ನಿಲ್ಲಿಸುವ ವಸ್ತು. ಆದರೆ ಅಮೆರಿಕದ ಉತ್ತರ ಗಡಿಯಲ್ಲಿರುವ ಮಿನೆಸೋಟ ರಾಜ್ಯದಲ್ಲಿ ಸಂಗತಿ ಬೇರೆ. ‘ಹತ್ತು ಸಾವಿರ ಸರೋವರಗಳ ನಾಡು’ ಎಂದೇ ಅದಕ್ಕೆ ಹೆಸರು. ಚಳಿಗಾಲದಲ್ಲಿ ಆ ಸರೋವರಗಳು ಹೆಪ್ಪುಗಟ್ಟುತ್ತವೆ. ಆಗ ಮನೆಯ ಪಕ್ಕದ ಶೆಡ್ಡಿನಲ್ಲಿ ಮುಸುಕು ಹೊದ್ದು ಮಲಗುವ ದೋಣಿಗಳು, ಮೇ ತಿಂಗಳಲ್ಲಿ ಮೀನು ಹಿಡಿಯುವ ಕಾಲ ಬಂತೆಂದರೆ ಎರಡು ಚಕ್ರದ ಟ್ರೈಲರ್ ಏರಿ, ಕಾರಿನ ಹಿಂದೆ ಸರೋವರದತ್ತ ಹೊರಡುತ್ತವೆ. ಮುಂದೆ ಅಪ್ಪ, ಅಮ್ಮ, ಮಕ್ಕಳು. ಹಿಂದೆ ಒಂದು ಟನ್ ತೂಕದ ದೋಣಿ.

ನೀರಿನಲ್ಲಿ ಆಗಬಹುದಾದ ಅಪಾಯಕ್ಕೆ ಎಲ್ಲರೂ ಹೆದರುತ್ತಾರೆ. ತೇಲುವ ಅಂಗಿಯನ್ನು ಮರೆಯದೆ ತೊಡಿಸುತ್ತಾರೆ. ರಸ್ತೆಯಲ್ಲಿ ಆಗಬಹುದಾದ ಅಪಾಯ ಮಾತ್ರ ಬೇಗ ನೆನಪಿಗೆ ಬರುವುದಿಲ್ಲ. ಕಾರು ಓಡಿಸುವುದರಲ್ಲಿ ಇಪ್ಪತ್ತು ವರ್ಷ ಪಳಗಿದವರೂ ಟ್ರೈಲರ್ ಎಳೆಯುವಾಗ ಎಡವುವುದುಂಟು. ಏಕೆಂದರೆ ಅಲ್ಲಿ ಮುಖ್ಯವಾದದ್ದು ಭಾರ ಎಷ್ಟಿದೆ ಎಂಬುದಷ್ಟೇ ಅಲ್ಲ. ಅದು ಎಲ್ಲಿ ಕುಳಿತಿದೆ ಎಂಬುದು.

ಈ ಮಾತು ನಮ್ಮ ಹಳ್ಳಿಯ ಅಜ್ಜಂದಿರಿಗೆ ಹೊಸದೇನಲ್ಲ. ಎತ್ತಿನ ಗಾಡಿಗೆ ಹುಲ್ಲೋ ಗೊಬ್ಬರವೋ ಹೇರಿದ ಮೇಲೆ ನೊಗವನ್ನು ಕೈಯಲ್ಲಿ ಒಮ್ಮೆ ಎತ್ತಿ ನೋಡದೆ ಅವರು ಎತ್ತು ಕಟ್ಟುತ್ತಿರಲಿಲ್ಲ. ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳಿಗೆ ಉರುಳಾಗುತ್ತದೆ. ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಎರಡರ ನಡುವೆ, ನೊಗದ ಮೇಲೆ ಹದವಾದ ಸ್ವಲ್ಪ ಭಾರ ಉಳಿಯಬೇಕು. ದೋಣಿಯ ಟ್ರೈಲರ್ ಕೂಡ ಎರಡು ಚಕ್ರದ ಗಾಡಿಯೇ. ಎತ್ತಿನ ಬದಲು ಕಾರು, ನೊಗದ ಬದಲು ಕಾರಿನ ಹಿಂದಿರುವ ಕಬ್ಬಿಣದ ಗುಂಡು. ಆ ಗುಂಡಿನ ಮೇಲೆ ಟ್ರೈಲರ್ ಒತ್ತುವ ಭಾರವನ್ನು ಅಮೆರಿಕದವರು ‘ನಾಲಗೆಯ ತೂಕ’ ಎನ್ನುತ್ತಾರೆ, ಬ್ರಿಟನ್ನಿನವರು ‘ಮೂಗಿನ ತೂಕ’ ಎನ್ನುತ್ತಾರೆ. ನಮ್ಮಲ್ಲಿ ಮೂಕಿಯ ಭಾರ ಎಂದರೆ ಸಾಕು, ಗಾಡಿ ಹೊಡೆದವರಿಗೆ ಅರ್ಥವಾಗುತ್ತದೆ.

ಈ ಭಾರ ಎಷ್ಟಿರಬೇಕು? ಅಮೆರಿಕದಲ್ಲಿ ಟ್ರೈಲರಿನ ಒಟ್ಟು ತೂಕದ ಶೇ 10ರಿಂದ 15ರಷ್ಟು ಎಂಬುದು ಸಾಮಾನ್ಯ ಲೆಕ್ಕ. ದೋಣಿಯ ಟ್ರೈಲರುಗಳಿಗೆ ಕೊಂಚ ಕಡಿಮೆಯಾದರೂ ನಡೆಯುತ್ತದೆ. ಕಾರುಗಳು ಚಿಕ್ಕದಾಗಿರುವ ಬ್ರಿಟನ್ನಿನಲ್ಲಿ ಶೇ 5ರಿಂದ 7 ಎನ್ನುತ್ತಾರೆ. ಏನೇ ಆದರೂ ಅದು ಸೊನ್ನೆಯಾಗಬಾರದು, ಸೊನ್ನೆಗಿಂತ ಕೆಳಗಂತೂ ಇಳಿಯಲೇಬಾರದು.

ಪ್ರೌಢಶಾಲೆಯ ಮಕ್ಕಳು ಸನ್ನೆಕೋಲಿನ ಪಾಠವನ್ನು ಇಲ್ಲಿಗೆ ಅನ್ವಯಿಸಿ ನೋಡಬಹುದು. ದೋಣಿ, ಮೋಟಾರು, ಟ್ರೈಲರ್, ಸಾಮಾನು ಎಲ್ಲ ಸೇರಿ 1000 ಕಿಲೋ ಎನ್ನೋಣ. ಚಕ್ರದ ಅಚ್ಚಿನಿಂದ ಕಾರಿನ ಗುಂಡಿಗೆ 4 ಮೀಟರ್ ದೂರ. ಒಟ್ಟು ಭಾರದ ಗುರುತ್ವಕೇಂದ್ರ ಅಚ್ಚಿಗಿಂತ 40 ಸೆಂಟಿಮೀಟರ್ ಮುಂದಿದೆ. ಹಾಗಾದರೆ ಗುಂಡಿನ ಮೇಲಿನ ಭಾರ 1000ವನ್ನು 40ರಿಂದ ಗುಣಿಸಿ 400ರಿಂದ ಭಾಗಿಸಿದಷ್ಟು, ಅಂದರೆ 100 ಕಿಲೋ. ಒಟ್ಟು ತೂಕದ ಶೇ 10, ಸರಿಯಾಗಿಯೇ ಇದೆ.

ಈಗ ದೋಣಿಯ ಮುಂತುದಿಯಲ್ಲಿದ್ದ ಬ್ಯಾಟರಿ, ಪೆಟ್ರೋಲ್ ಡಬ್ಬ, ಲಂಗರು, ಮಂಜುಗಡ್ಡೆ ಪೆಟ್ಟಿಗೆ ಎಲ್ಲವನ್ನೂ, ಒಟ್ಟು 100 ಕಿಲೋ, ಯಾರೋ 4 ಮೀಟರ್ ಹಿಂದಕ್ಕೆ ಜರುಗಿಸಿದರು ಎನ್ನೋಣ. ಗುರುತ್ವಕೇಂದ್ರ 40 ಸೆಂಟಿಮೀಟರ್ ಹಿಂದೆ ಸರಿದು ನೇರ ಅಚ್ಚಿನ ಮೇಲೆ ಬಂದು ನಿಲ್ಲುತ್ತದೆ. ಗುಂಡಿನ ಮೇಲಿನ ಭಾರ ಸೊನ್ನೆ! ಒಂದು ಕಿಲೋ ಕೂಡ ಹೆಚ್ಚಾಗಿಲ್ಲ, ಕಡಿಮೆಯೂ ಆಗಿಲ್ಲ. ಆದರೂ ಸುರಕ್ಷಿತವಾಗಿದ್ದ ಟ್ರೈಲರ್ ಅಪಾಯದ ಟ್ರೈಲರ್ ಆಯಿತು.

ಅಪಾಯ ಯಾವ ಬಗೆಯದು? ಹಿಂಭಾರವಾದ ಟ್ರೈಲರ್ ಗಡಿಯಾರದ ಲೋಲಕದಂತೆ ಎಡಕ್ಕೂ ಬಲಕ್ಕೂ ಓಲಾಡತೊಡಗುತ್ತದೆ. ಪಕ್ಕದಲ್ಲಿ ಲಾರಿಯೊಂದು ಹಾದುಹೋದಾಗ ಬೀಸಿದ ಗಾಳಿಯೋ ರಸ್ತೆಯ ಒಂದು ಗುಂಡಿಯೋ ಸಾಕು, ಓಲಾಟ ಶುರುವಾಗಲು. ಭಾರ ಮುಂದಿದ್ದರೆ ಓಲಾಟ ಎರಡು ಸುತ್ತಿನಲ್ಲಿ ತಾನಾಗಿ ಅಡಗುತ್ತದೆ. ಹಿಂದಿದ್ದರೆ ಪ್ರತಿ ಸಲವೂ ಹೆಚ್ಚುತ್ತ ಹೋಗುತ್ತದೆ. ಕಾರಿನ ಹಿಂಬದಿಯನ್ನೂ ಜೊತೆಗೆ ಎಳೆದಾಡುತ್ತದೆ. ವೇಗ ಹೆಚ್ಚಿದಷ್ಟೂ ಓಲಾಟವನ್ನು ಅಡಗಿಸುವ ಶಕ್ತಿ ಕುಗ್ಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಧುವಾಗಿದ್ದ ಟ್ರೈಲರ್ 90ರಲ್ಲಿ ಹುಚ್ಚೆದ್ದು ಕುಣಿಯಬಹುದು. ಕೊನೆಗೆ ಕಾರು, ಟ್ರೈಲರ್ ಎರಡೂ ರಸ್ತೆಗೆ ಅಡ್ಡಲಾಗಿ ಮಡಚಿಕೊಂಡು ಉರುಳುತ್ತವೆ.

ಅಂಥ ಹೊತ್ತಿನಲ್ಲಿ ಚಾಲಕನಿಗೆ ಮೊದಲು ತೋಚುವುದು ಬ್ರೇಕ್ ಒತ್ತುವುದು, ಸ್ಟಿಯರಿಂಗ್ ತಿರುಗಿಸುವುದು. ಎರಡೂ ತಪ್ಪು. ಜೋರಾಗಿ ಬ್ರೇಕ್ ಹಾಕಿದರೆ ಕಾರು ನಿಧಾನವಾಗುತ್ತದೆ, ಹಿಂದಿನ ಭಾರ ಮುನ್ನುಗ್ಗುತ್ತದೆ. ಓಲಾಟಕ್ಕೆ ಎದುರಾಗಿ ಸ್ಟಿಯರಿಂಗ್ ತಿರುಗಿಸಿದರೆ ಅದು ಮತ್ತಷ್ಟು ಬೆಳೆಯುತ್ತದೆ. ಸ್ಟಿಯರಿಂಗನ್ನು ನೇರವಾಗಿ, ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ವೇಗ ತಾನಾಗಿ ಇಳಿಯಲು ಬಿಡುವುದೇ ಸರಿಯಾದ ದಾರಿ. ನಂತರ ಬದಿಗೆ ನಿಲ್ಲಿಸಿ ಸಾಮಾನನ್ನು ಮುಂದಕ್ಕೆ ಜರುಗಿಸಬೇಕು. ವೇಗದ ವಿಷಯದಲ್ಲಿ ಕಾನೂನೂ ಬಿಗಿಯಾಗಿದೆ. ಟ್ರೈಲರ್ ಎಳೆಯುವ ಕಾರು ಕ್ಯಾಲಿಫೋರ್ನಿಯದಲ್ಲಿ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿ.ಮೀ. ದಾಟುವಂತಿಲ್ಲ. ಬ್ರಿಟನ್ನಿನ ಮೋಟಾರು ಹೆದ್ದಾರಿಗಳಲ್ಲಿ ಮಿತಿ 60 ಮೈಲಿ.

ಹೊರೆ ಹೇರುವವರ ಕಣ್ಣಿಗೆ ಬೀಳದ ಇನ್ನೊಂದು ಹಿಂಭಾರವಿದೆ. ಅದು ನೀರು. ದೋಣಿಯ ತಳದಲ್ಲಿ, ಹಿಂತುದಿಗೆ ಒಂದು ಸಣ್ಣ ತೂತು, ಅದಕ್ಕೊಂದು ಬಿರಡೆ ಇರುತ್ತದೆ. ದಡಕ್ಕೆ ಬಂದ ಮೇಲೆ ಬಿರಡೆ ತೆಗೆಯಲು ಮರೆತರೆ ಒಳಗೆ ನಿಂತ ನೀರು ಹಿಂದಕ್ಕೆ ಹರಿದು ಸೇರುತ್ತದೆ. ನೂರು ಲೀಟರ್ ನೀರೆಂದರೆ ನೂರು ಕಿಲೋ! ಮಿನೆಸೋಟದಲ್ಲಿ ಬಿರಡೆ ತೆಗೆಯದೆ ದೋಣಿಯನ್ನು ರಸ್ತೆಯಲ್ಲಿ ಸಾಗಿಸುವುದು ಕಾನೂನಿಗೆ ವಿರುದ್ಧ. ಅದಕ್ಕೆ ಕಾರಣ ಮಾತ್ರ ಬೇರೆ. 1988ರಲ್ಲಿ ಅಮೆರಿಕದ ಮಹಾಸರೋವರಗಳ ಪ್ರದೇಶದಲ್ಲಿ ಮೊದಲು ಕಾಣಿಸಿಕೊಂಡ ‘ಜೀಬ್ರಾ ಮಸಲ್’ ಎಂಬ ಪಟ್ಟೆಪಟ್ಟೆಯ ಚಿಪ್ಪುಜೀವಿ, ದೋಣಿಯಲ್ಲಿ ಉಳಿದ ನೀರಿನೊಂದಿಗೆ ಒಂದು ಸರೋವರದಿಂದ ಇನ್ನೊಂದಕ್ಕೆ ಪ್ರಯಾಣ ಮಾಡಿ ಎಲ್ಲೆಡೆ ಹಬ್ಬುತ್ತದೆ. ಒಂದು ಬಿರಡೆ ತೆಗೆದರೆ ಸರೋವರಕ್ಕೂ ಕ್ಷೇಮ, ರಸ್ತೆಗೂ ಕ್ಷೇಮ. ಮತ್ತೆ ನೀರಿಗೆ ಇಳಿಸುವ ಮುನ್ನ ಅದನ್ನು ಹಾಕಲು ಮರೆತರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಹೊರೆಯ ಮಾತಾಯಿತು, ಇನ್ನು ಕೊಂಡಿ. ಕಾರಿನ ಗುಂಡು ಮತ್ತು ಅದರ ಮೇಲೆ ಕೂರುವ ಟ್ರೈಲರಿನ ಬಟ್ಟಲು ಒಂದೇ ಅಳತೆಯವಾಗಿರಬೇಕು. 2 ಇಂಚಿನ ಬಟ್ಟಲಿಗೆ 1.875 ಇಂಚಿನ ಗುಂಡು ಹಾಕಿದರೆ ಮೇಲುನೋಟಕ್ಕೆ ಕೂತಂತೆಯೇ ಕಾಣುತ್ತದೆ. ದಾರಿಯ ಒಂದು ಉಬ್ಬು ಹತ್ತಿದಾಗ ಕಳಚಿಕೊಳ್ಳುತ್ತದೆ. ಬೀಗ ಸರಿಯಾಗಿ ಬಿದ್ದಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯುಂಟು. ಟ್ರೈಲರಿನ ಮೂತಿಯನ್ನು ಜ್ಯಾಕ್‌ನಿಂದ ಮೇಲೆತ್ತಿದಾಗ ಕಾರಿನ ಹಿಂಭಾಗವೂ ಜೊತೆಗೆ ಏಳಬೇಕು. ಕೊಂಡಿಯ ಕೆಳಗೆ ಎರಡು ಸರಪಳಿಗಳನ್ನು ಕತ್ತರಿಯಾಕಾರದಲ್ಲಿ ಅಡ್ಡ ಹಾಕುತ್ತಾರೆ. ಕೊಂಡಿ ಕಳಚಿದರೂ ಮೂತಿ ನೆಲಕ್ಕೆ ನಾಟದೆ ಆ ಸರಪಳಿಯ ತೊಟ್ಟಿಲಲ್ಲಿ ಬೀಳಲಿ ಎಂದು.

ಇದೆಲ್ಲ ಅತಿ ಎಚ್ಚರಿಕೆ ಎನಿಸಿದರೆ ಒಂದು ಘಟನೆ ನೆನೆಯಬೇಕು. 2014ರ ಜನವರಿಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಎರಡು ಟನ್ ತೂಕದ ಟ್ರೈಲರ್ ಒಂದು ವಾಹನದಿಂದ ಕಳಚಿಕೊಂಡು ಕಾಲುದಾರಿಗೆ ನುಗ್ಗಿತು. ತಾಯಿಯೊಡನೆ ನಡೆದುಹೋಗುತ್ತಿದ್ದ ಮೂರು ವರ್ಷದ ಮಗು ಪ್ರಾಣ ಕಳೆದುಕೊಂಡಿತು. ಅದು ದೋಣಿಯ ಟ್ರೈಲರ್ ಅಲ್ಲ. ಆದರೆ ಕೊಂಡಿಯ ಕತೆ ಎಲ್ಲ ಟ್ರೈಲರುಗಳಿಗೂ ಒಂದೇ. ಮಗುವಿನ ತಂದೆತಾಯಿ ದುಃಖದಲ್ಲೇ ಮುಳುಗಿ ಕೂರದೆ ಟ್ರೈಲರುಗಳ ಸುರಕ್ಷತೆಗಾಗಿ ಹೋರಾಡಿದರು. 2018ರಲ್ಲಿ ಬ್ರಿಟನ್ನಿನ ಸಂಸತ್ತು ಟ್ರೈಲರ್ ನೋಂದಣಿಯ ಕಾಯಿದೆ ಮಾಡಿದಾಗ, ಟ್ರೈಲರ್ ಅಪಘಾತಗಳ ಬಗ್ಗೆ ಸರ್ಕಾರ ವರದಿ ಸಿದ್ಧಪಡಿಸಬೇಕೆಂಬ ವಿಧಿಯನ್ನೂ ಸೇರಿಸಿತು.

ದೋಣಿಯ ಟ್ರೈಲರಿಗೇ ವಿಶೇಷವಾದ ಒಂದು ಕಾಯಿಲೆ ಚಕ್ರದ ಬೇರಿಂಗಿನದು. ದೂರ ಓಡಿಬಂದ ಚಕ್ರದ ಗುಂಭ ಬಿಸಿಯಾಗಿರುತ್ತದೆ. ದೋಣಿ ಇಳಿಸಲು ಟ್ರೈಲರನ್ನು ಹಿಮ್ಮುಖವಾಗಿ ತಣ್ಣೀರಿಗೆ ಇಳಿಸಿದಾಗ ಗುಂಭದೊಳಗಿನ ಬಿಸಿಗಾಳಿ ಥಟ್ಟನೆ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಗ್ರೀಸ್ ಕೆಡುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ, ಒಂದು ದಿನ ಹೆದ್ದಾರಿಯ ನಡುವೆ ಚಕ್ರವೇ ಕಳಚುತ್ತದೆ. ತಿಳಿದವರು ದಡದಲ್ಲಿ ಸ್ವಲ್ಪ ಹೊತ್ತು ನಿಂತು, ಗುಂಭ ತಣಿದ ಮೇಲೆ ನೀರಿಗೆ ಇಳಿಸುತ್ತಾರೆ. ಗಾಡಿಗೆ ಕೀಲೆಣ್ಣೆ ಹಾಕಿದಂತೆ ಕಾಲಕಾಲಕ್ಕೆ ಗ್ರೀಸ್ ತುಂಬುತ್ತಾರೆ.

ನಮ್ಮ ಮಕ್ಕಳು ದಿನವೂ ಕಾಣುವ ಟ್ರೈಲರಿನಲ್ಲಿ ದೋಣಿ ಇರುವುದಿಲ್ಲ, ಕಬ್ಬು ಇರುತ್ತದೆ. ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಡೆ ಕಾರ್ಖಾನೆ ಶುರುವಾದರೆ ಒಂದೊಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೈಲರ್. ಅವುಗಳಲ್ಲಿ ಅನೇಕಕ್ಕೆ ಸ್ವಂತ ಬ್ರೇಕ್ ಇರುವುದಿಲ್ಲ. ಶಾಲೆ ಬಿಟ್ಟ ಹುಡುಗರು ಅವುಗಳ ಹಿಂದೆ ಓಡಿ ಜಲ್ಲೆ ಎಳೆಯುವ ಆಟ ಯಾರಿಗೆ ಗೊತ್ತಿಲ್ಲ? ಎರಡು ಟ್ರೈಲರುಗಳ ನಡುವಿನ ಜಾಗ ಖಾಲಿ ಕಂಡರೂ ಅಲ್ಲಿ ಕಬ್ಬಿಣದ ತೊಲೆಯೂ ಅದರ ಹಿಂದೆಯೇ ಚಕ್ರವೂ ಇವೆ. ಬಿದ್ದವರು ಏಳುವಷ್ಟರಲ್ಲಿ ಚಕ್ರ ಬಂದಿರುತ್ತದೆ. ಇನ್ನೊಂದು ಸಂಗತಿ: ತಿರುವಿನಲ್ಲಿ ಟ್ರೈಲರಿನ ಚಕ್ರಗಳು ಟ್ರ್ಯಾಕ್ಟರಿನ ಚಕ್ರ ಹೋದ ಜಾಡಿನಲ್ಲಿ ಹೋಗುವುದಿಲ್ಲ, ಒಳಬದಿಗೆ ಒತ್ತಿಕೊಂಡು ಬರುತ್ತವೆ. ತಿರುವಿನ ಒಳಮೂಲೆಯಲ್ಲಿ ಸೈಕಲ್ ಹಿಡಿದು ನಿಂತವನು ಟ್ರ್ಯಾಕ್ಟರ್ ದಾಟಿತೆಂದು ನಿಟ್ಟುಸಿರು ಬಿಡುವಾಗಲೇ ಟ್ರೈಲರ್ ಅವನ ಕಾಲಬುಡಕ್ಕೆ ಬರುತ್ತದೆ.

ಇದನ್ನು ಮನೆಯಲ್ಲೇ ಮನದಟ್ಟು ಮಾಡಿಕೊಳ್ಳಬಹುದು. ಪೆನ್ಸಿಲ್ ಮೇಲೆ ಒಂದು ಅಡಿಪಟ್ಟಿ ಇಟ್ಟು, ಒಂದೇ ನಾಣ್ಯವನ್ನು ಮುಂದೆ ಹಿಂದೆ ಸರಿಸಿದರೆ ಪಟ್ಟಿಯ ಮೂತಿ ಒತ್ತುವುದೂ ಏಳುವುದೂ ಕಣ್ಣಿಗೇ ಕಾಣುತ್ತದೆ. ಆಟಿಕೆಯ ಟ್ರ್ಯಾಕ್ಟರಿಗೆ ಟ್ರೈಲರ್ ಕಟ್ಟಿ ಮರಳಿನ ಮೇಲೆ ತಿರುಗಿಸಿದರೆ ಎರಡು ಜಾಡುಗಳು ಬೇರೆಬೇರೆಯಾಗಿ ಮೂಡುತ್ತವೆ. ಅಪ್ಪನೋ ಅಮ್ಮನೋ ಹತ್ತು ನಿಮಿಷ ಜೊತೆಗೆ ಕೂತರೆ ಭೌತಶಾಸ್ತ್ರದ ಒಂದು ಪಾಠವೂ ಆದೀತು, ಕಬ್ಬಿನ ಗಾಡಿಯ ಹಿಂದೆ ಓಡುವ ಮಗನ ಕಾಲು ಒಂದು ಕ್ಷಣ ತಡೆದೀತು. ಅಜ್ಜ ಹೊರಡುವ ಮುನ್ನ ನೊಗ ಎತ್ತಿ ನೋಡುತ್ತಿದ್ದುದೂ ಇದಕ್ಕೇ.